ಭತ್ಯೆ ಕೊಡಲಿ, ಆದರೆ ಕೌಂಟಿ ಕೈಯಿಂದ ಬೇಡ

ಅಮೆರಿಕದ ಲಾಸ್ ಏಂಜಲೀಸಿನ ಜಡ್ಜುಗಳಿಗೆ ಸಂಬಳದ ಮೇಲೆ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ, ಕೊಡುವ ಭತ್ಯೆಯನ್ನು ಸಮರ್ಥಿಸುವ ಲೇಖನವೊಂದನ್ನು ಓದಿದೆ. ಲಾಸ್ ಏಂಜಲೀಸ್ ದುಬಾರಿ ಊರು, ಕೌಂಟಿ ಹೆಚ್ಚುವರಿ ಭತ್ಯೆ ಕೊಡದಿದ್ದರೆ ಒಳ್ಳೆಯ ವಕೀಲರು ಜಡ್ಜ್ ಆಗಲು ಬರುವುದಿಲ್ಲ ಅನ್ನುತ್ತದೆ ಅದು. ಇರಬಹುದು. ಆದರೆ ಅದೇ ಕೌಂಟಿ ಮೇಲೆ ಯಾರಾದರೂ ಕೇಸ್ ಹಾಕಿದರೆ ವಿಚಾರಣೆ ನಡೆಸುವವರು ಯಾರು ಸ್ವಾಮಿ? ಆ ಭತ್ಯೆ ಎಣಿಸಿಕೊಳ್ಳುವ ಜಡ್ಜುಗಳೇ ತಾನೆ?

1997ರ ಕಾಯ್ದೆಯಲ್ಲಿ ವಿಚಾರಣಾ ನ್ಯಾಯಾಲಯಗಳ ಖರ್ಚಿನ ಹೊಣೆಯನ್ನು ಕ್ಯಾಲಿಫೋರ್ನಿಯಾ ರಾಜ್ಯವೇ ಹೊತ್ತುಕೊಂಡಿತು. ಕೌಂಟಿ ಭತ್ಯೆ ಮಾತ್ರ ನಿಲ್ಲಲಿಲ್ಲ. 2007ರಲ್ಲಿ ಲಾಸ್ ಏಂಜಲೀಸಿನ ಒಬ್ಬೊಬ್ಬ ಜಡ್ಜಿಗೆ ವರ್ಷಕ್ಕೆ ಸುಮಾರು 46,000 ಡಾಲರ್, ಸಂಬಳದ ಶೇ 27ರಷ್ಟು! ಸ್ಟರ್ಜನ್ ಎಂಬ ತೆರಿಗೆದಾರರು ಈ ಭತ್ಯೆಯ ವಿರುದ್ಧ ದಾವೆ ಹೂಡಿದರು. ಜಡ್ಜುಗಳ ಸಂಭಾವನೆಯನ್ನು ಗೊತ್ತುಮಾಡಬೇಕಾದ್ದು ರಾಜ್ಯದ ಶಾಸಕಾಂಗ, ಆ ಕೆಲಸವನ್ನು ಕೌಂಟಿಗೆ ಬಿಟ್ಟುಕೊಡುವಂತಿಲ್ಲ ಎಂದು 2008ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು.

ಲೇಖಕರು ಇಲ್ಲಿಗೇ ನಿಲ್ಲಿಸಿದ್ದಾರೆ. ಅಸಲಿ ಕತೆ ಆಮೇಲಿನದು. ಕೆಲವೇ ತಿಂಗಳಲ್ಲಿ, 2009ರಲ್ಲಿ, ಶಾಸಕಾಂಗ ಹೊಸ ಕಾನೂನು ತಂದು ಇದ್ದ ಭತ್ಯೆಯನ್ನೇ ಮುಂದುವರಿಸಿತು, ಹಿಂದೆ ಕೊಟ್ಟದ್ದಕ್ಕೂ ರಕ್ಷಣೆ ಒದಗಿಸಿತು. ಕೌಂಟಿಗೆ ನಿಲ್ಲಿಸುವ ಮನಸ್ಸಿದ್ದರೆ 180 ದಿನ ಮುಂಚೆ ನೋಟಿಸ್ ಕೊಡಬೇಕು, ಹಾಲಿ ಜಡ್ಜಿನ ಅವಧಿ ಮುಗಿಯುವ ತನಕ ಕೈಹಾಕುವ ಹಾಗಿಲ್ಲ. ಇಷ್ಟು ಬಂದೋಬಸ್ತು ಬೇರೆ ಯಾವ ನೌಕರನಿಗಿದೆಯೋ!

ನಮ್ಮ ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳವನ್ನು ಸಂಸತ್ತು ನಿಗದಿ ಮಾಡುತ್ತದೆ, ಹಣ ರಾಜ್ಯದ ಸಂಚಿತ ನಿಧಿಯಿಂದ ಹೋಗುತ್ತದೆ, ಅದನ್ನು ವಿಧಾನಸಭೆ ಮತಕ್ಕೆ ಹಾಕುವಂತಿಲ್ಲ. ಬೇರೆ ಕೊರತೆಗಳು ಸಾವಿರ ಇರಲಿ, ಈ ಏರ್ಪಾಡು ಚೊಕ್ಕವಾಗಿದೆ. ಲಾಸ್ ಏಂಜಲೀಸ್ ಅಷ್ಟು ದುಬಾರಿಯಾದರೆ ರಾಜ್ಯವೇ ಊರಿನ ಖರ್ಚು ನೋಡಿ ಭತ್ಯೆ ನಿಗದಿ ಮಾಡಲಿ, ತನ್ನ ಬಜೆಟ್‌ನಿಂದಲೇ ಕೊಡಲಿ.