ಕೊನೆ ಗಳಿಗೆಯ ಬಿಡ್ ತಪ್ಪಲ್ಲ

ಆನ್‌ಲೈನ್ ಹರಾಜಿನಲ್ಲಿ ಕೊನೆ ಗಳಿಗೆಯವರೆಗೆ ಕಾದು ಬಿಡ್ ಹಾಕುವುದು, ಅಂದರೆ ಬೆಲೆ ಕೂಗುವುದು, ಬುದ್ಧಿವಂತಿಕೆಯಲ್ಲ ಎಂದು ಒಬ್ಬ ಲೇಖಕರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಇಬೇ ಎಂಬ ಹರಾಜು ತಾಣದಲ್ಲಿ ಹರಾಜು ಮುಗಿಯುವ ಸಮಯ ಮೊದಲೇ ಗೊತ್ತಿರುತ್ತದೆ. ಬೇಗ ಬಿಡ್ ಹಾಕಿದರೆ ಎದುರಾಳಿಗೆ ಬೆಲೆ ಏರಿಸಲು ಸುಮ್ನೆ ಅವಕಾಶ ಕೊಟ್ಟಂತೆ. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕನ್‌ಫೆಲ್ಸ್ 2002ರಲ್ಲಿ ಇಬೇ ಮತ್ತು ಅಮೆಜಾನ್ ಹರಾಜುಗಳನ್ನು ಹೋಲಿಸಿದರು. ಅಮೆಜಾನ್‌ನಲ್ಲಿ ಆಗ ಕೊನೆಗೆ ಬಿಡ್ ಬಂದರೆ ಹರಾಜು ಮುಗಿಯುವ ಸಮಯ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಅಲ್ಲಿ ಹೀಗೆ ಕಾಯುವವರು ತುಂಬಾ ಕಡಿಮೆ ಇದ್ದರು. ನಿಯಮ ನೋಡಿ ನಡೆ ಬದಲಿಸುವವರು ಯೋಚಿಸಿಯೇ ಆಡುತ್ತಿದ್ದಾರೆ, ಅಲ್ವಾ?

ನನಗೆ ಚಿಂತೆ ಇರುವುದು ಬೇರೆ ಕಡೆ. ಸಂಶೋಧಕರಾದ ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಯಂಗ್ ಹಾನ್ ಲೀ ಇಬೇಯಲ್ಲಿ ಒಂದು ಬೋರ್ಡ್ ಗೇಮ್‌ನ ಹರಾಜುಗಳನ್ನು ಗಮನಿಸಿದರು. ಅದೇ ಆಟ ಅದೇ ತಾಣದಲ್ಲಿ ನಿಗದಿತ ಬೆಲೆಗೂ ಸಿಗುತ್ತಿತ್ತು. ಆದರೂ ಶೇ. 42ರಷ್ಟು ಹರಾಜುಗಳು ಆ ಬೆಲೆಯನ್ನು ದಾಟಿ ಮುಗಿದವು! ಇದನ್ನು ನೋಡಿ ಎಲ್ಲರೂ ಲೆಕ್ಕ ತಪ್ಪಿದರು ಎನ್ನುವುದು ಸರಿಯಲ್ಲ. ಹಾಗೆ ಜಾಸ್ತಿ ಕೂಗಿದವರು ಸ್ವಲ್ಪವೇ ಜನ. ಆದರೆ ಹರಾಜು ಗೆಲ್ಲಿಸುವುದು ಅತಿ ಹೆಚ್ಚು ಕೂಗಿದವರನ್ನೇ. ಹತ್ತು ಜನರಲ್ಲಿ ಎಂಟು ಜನ ಲೆಕ್ಕ ಹಾಕಿ ನಿಲ್ಲಿಸಿದರೂ, ಹಟಕ್ಕೆ ಬಿದ್ದ ಇಬ್ಬರ ಪೈಪೋಟಿಯೇ ಕೊನೆಯ ಬೆಲೆಯನ್ನು ತೀರ್ಮಾನಿಸುತ್ತದೆ.

ಆದ್ದರಿಂದ ಗೆದ್ದವರ ಬೆಲೆ ನೋಡಿ ಎಲ್ಲ ಬಿಡ್ಡರ್‌ಗಳ ಬಗ್ಗೆ ತೀರ್ಪು ಕೊಡಬೇಡಿ. ಬಿಡ್ ಬಟನ್ ಪಕ್ಕದಲ್ಲೇ ನಿಗದಿತ ಬೆಲೆಯನ್ನೂ ದೊಡ್ಡದಾಗಿ ತೋರಿಸಿ ಎಂದು ತಾಣಗಳನ್ನು ಕೇಳೋಣ.