ಮಡಕಿಕಾಳಿನ ಊರಾಗ ಪಾಕೀಟ್ ಮಟನ್ ಯಾಕ್ರಿಪಾ?

ಈ ಸಲ ಬೆಳಗಾವಿಗೆ ಹೋದಾಗ ತಮ್ಮನ ಹೆಂಡ್ತಿ ಚಾ ಜೋಡಿ ನಗೆಟ್ಸ್ ಕರದ ಇಟ್ಲು, "ಪ್ಲಾಂಟ್ ಬೇಸ್ಡ್ ಐತ್ರಿ ಭಾವಾರ, ಮಾಂಸದಂಗ ಇದ್ರೂ ಮಾಂಸ ಅಲ್ಲ, ನಿಮ್ಮ ಅಮೇರಿಕಾದಾಗ ಸಿಗೋದ ಈಗ ಇಲ್ಲೂ ಸಿಗತೈತಿ, ಚಿಕನ್‌ಕಿಂತ ಹೆಲ್ದಿ" ಅಂತ. ಅಲ್ರೀ, ಆ ಮನ್ಯಾಗ ಚಿಕನ್ ಹೋಗ್ಲಿ, ತತ್ತಿ ಸುದ್ದಾ ಹೊಸ್ತಿಲಾ ದಾಟಿಲ್ಲ!

ಪಾಕೀಟ್ ಹಿಂದ ತಿರಿವಿ ನೋಡಿದೆ (ಶಿಕಾಗೊದಾಗ ಇದ್ದ ಇದ್ದ ಹತ್ತಿದ ಚಟ), ಸೋಯಾ ಪ್ರೋಟೀನ್, ಗೋದಿ ಗ್ಲುಟೆನ್, ಎಣ್ಣಿ, ಸ್ಟಾರ್ಚ್, ಮತ್ತ ಉಪ್ಪು. ಅಲ್ಲಿ ಹೆಸರಾಗಿರೋ ಇಂಪಾಸಿಬಲ್ ಬರ್ಗರ್ (ಅದೂ ಇಂಥಾ ಮಾಂಸ ಇಲ್ಲದ್ದ) 113 ಗ್ರಾಂ ಪ್ಯಾಟಿಗೆ 370 ಮಿಲಿಗ್ರಾಂ ಸೋಡಿಯಂ (ಉಪ್ಪಿನಾಗ ಇರೋದ) ಅಂತ ಬರಕೊಂಡ ಬಂದಿತ್ತು, ಅಷ್ಟ ತೂಕದ ಬರೇ ಬೀಫ್‌ನಾಗ 75ರ ಆಸುಪಾಸು. ಬೀಫ್‌ಗೂ ಬೇಯಿಸೋ ಮುಂದ ಉಪ್ಪ ಹಾಕ್ತಾರ ಖರೆ, ಆದ್ರ ಅದು ನಮ್ಮ ಕೈಯಾಗಿರತೈತಿ.

ನಮ್ಮ ಅವ್ವ ಮಡಕಿಕಾಳ ನೆನಸಿ ಹಳೇ ಧೋತರದ ತುಂಡಿನ್ಯಾಗ ಕಟ್ಟಿ ಗೂಟಕ್ಕ ಹಾಕ್ತಾಳ, ಮರುದಿನ ಗಂಟ ಬಿಚ್ಚಿದ್ರ ಅರಬಿ ಎಳಿ ಒಳಗ ಮೊಳಕಿ ಸಿಕ್ಕೊಂಡಿರತಾವ, ಬಿಡಿಸಿ ಬಳ್ಳೊಳ್ಳಿ ಜಜ್ಜಿ ಒಗ್ಗರಣಿ ಕೊಟ್ರ ಮುಗೀತು, ರೊಟ್ಟಿ ಮ್ಯಾಲ ಹಾಕ್ಕೊಂಡ ಹೊಡಿಯೋದ. ಅದರಾಗ ಪ್ರೋಟೀನೂ ಐತಿ ನಾರೂ ಐತಿ, ಹಿಂದ ಓದಾಕ ಲೇಬಲ್ ಒಂದ ಇಲ್ಲ, ಅದಕ್ಕ ನಮ್ಮ ಮಂದಿಗೆ ಅದು ಹೆಲ್ದಿ ಅಂತ ಗೊತ್ತಾಗಂಗಿಲ್ಲ ಕಾಣತೈತಿ! ಶಿಕಾಗೊದಾಗ ಮೊಳಕಿ ಕಟ್ಟಾಕ ನಾ ಥಂಡಿ ದಿವಸದಾಗ ಹೀಟರ್ ಬಾಜೂಕ ಗಂಟ ಇಟ್ಟ ಕಾಯತೀನಿ, ಇವ್ರು ಇಲ್ಲಿ ರೊಕ್ಕ ಕೊಟ್ಟ ಫ್ರೀಜರ್ ತುಂಬಿಸ್ಯಾರ.

ಹಂಗಂತ ಪಾಕೀಟಿನ ಮಾಲು ಹೆಲ್ದಿ ಅನ್ನೋದ ಎಲ್ಲಾರಿಗೂ ಸುಳ್ಳಂತ ಅನ್ನಾಕ ಬರಂಗಿಲ್ಲ. ಅಮೇರಿಕಾದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯವರು 36 ಮಂದಿಗೆ ಎಂಟ ವಾರ ಮಾಂಸ, ಎಂಟ ವಾರ ಇಂಥಾದ್ದ ತಿನ್ನಿಸಿ 2020ರಾಗ ಬರದ್ರು, ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟರಾಲ್ ಇಳದಿತ್ತು, ತೂಕಾನೂ ಒಂದೀಟ ಇಳದಿತ್ತು, ಬಿಪಿ ಮಾತ್ರ ಇದ್ದಲ್ಲೇ ಇತ್ತು. ರೊಕ್ಕ ಕೊಟ್ಟಾಂವ ಬಿಯಾಂಡ್ ಮೀಟ್, ಅಂದ್ರ ಪ್ಯಾಟಿ ಮಾರಾಂವನ, ಆದ್ರೂ ದಿನಾ ಬೇಕನ್, ಬರ್ಗರ್ ತಿನ್ನೋ ನನ್ನ ಆಫೀಸಿನ ಮಂದಿಗೆ ಅದರಿಂದ ಲಾಭ ಇರಬಹುದು. ಉಪ್ಪಿನ ಲೆಕ್ಕಾ ತಗದ್ರ ನಮ್ಮ ತಾಟಿನ ಉಪ್ಪಿನಕಾಯಿ, ಹಪ್ಪಳಾನೂ ಕಡಿಮಿ ಇಲ್ಲ ಬಿಡ್ರಿ. ಊರಾಗ ಇದು ಖರೇವಂದ್ರ ಬೇಕಾಗಿದ್ದು ವಾರಕ್ಕ ಮೂರ ಸಲ ಮಟನ್ ಉಣ್ಣಾಕ ಸಾವಜಿ ಖಾನಾವಳಿ ಹಿಡಿಯೋ ನನ್ನ ದೋಸ್ತಗ. ಒಂದ ನಗೆಟ್ ಕೊಟ್ಟೆ, ಅರ್ಧಾ ಕಡದ ನಾಯಿಗೆ ಒಗದ.