ಪ್ರಬಂಧಕ್ಕೆ 10ಕ್ಕೆ 6: ಈ ಆರು ಏನನ್ನು ಹೇಳುತ್ತದೆ?

ವಿದ್ಯಾರ್ಥಿಯೊಬ್ಬಳ ಪ್ರಬಂಧಕ್ಕೆ 10ಕ್ಕೆ 6 ಅಂಕ ಬಂದಿದೆ ಎಂದಾಗ ಅವಳ ಬರವಣಿಗೆಯ ಬಗ್ಗೆ ನಮಗೆ ನಿಜವಾಗಿ ಏನು ತಿಳಿಯಿತು ಎಂದು ಶಾಲೆಗಳಲ್ಲಿ ಅಷ್ಟಾಗಿ ಯಾರೂ ಕೇಳುವುದಿಲ್ಲ. ಕಳೆದುಹೋದ ನಾಲ್ಕು ಅಂಕಗಳು ಕಾಗುಣಿತದ ತಪ್ಪಿಗೆ ಹೋದವೋ, ವಿಷಯ ಸಾಲದೆ ಹೋದವೋ, ಅಕ್ಷರ ದುಂಡಗಿಲ್ಲವೆಂದು ಹೋದವೋ, ಅಥವಾ ಅದಕ್ಕೂ ಮೊದಲು ತಿದ್ದಿದ ಪತ್ರಿಕೆ ಬಹಳ ಚೆನ್ನಾಗಿದ್ದುದರಿಂದ ಇದು ಸಪ್ಪೆಯೆನಿಸಿತೋ, ಆ ಅಂಕಿಯನ್ನು ನೋಡಿ ಹೇಳಲು ಬರುವುದಿಲ್ಲ. ಬರೆದವಳಿಗಂತೂ ಮುಂದಿನ ಸಲ ಏನು ಮಾಡಬೇಕೆಂಬುದು ಕಿಂಚಿತ್ತೂ ತಿಳಿಯುವುದಿಲ್ಲ. ಬರವಣಿಗೆಯ ಮೌಲ್ಯಮಾಪನದಲ್ಲಿ ನಾವು ಎಡವುತ್ತಿರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಅಂಕ ನಂಬಲರ್ಹವೇ ಎಂಬ ಅನುಮಾನ ಇಂದು ನಿನ್ನೆಯದಲ್ಲ. ಅಮೆರಿಕದಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬಿಬ್ಬರು ಪ್ರೌಢಶಾಲಾ ವಿದ್ಯಾರ್ಥಿಗಳ ಇಂಗ್ಲಿಷ್ ಉತ್ತರ ಪತ್ರಿಕೆಗಳ ಪ್ರತಿಗಳನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿ, 1912ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ಪತ್ರಿಕೆಗೆ ಬಂದ ಅಂಕಗಳ ನಡುವೆ 100ಕ್ಕೆ 30ಕ್ಕಿಂತ ಹೆಚ್ಚಿನ ಅಂತರವಿತ್ತು. (ಮರುವರ್ಷ ರೇಖಾಗಣಿತದ ಪತ್ರಿಕೆಯನ್ನು ಹಂಚಿದಾಗಲೂ ಕಥೆ ಹೀಗೆಯೇ ಆಯಿತು, ಗಣಿತದ ಮೇಷ್ಟ್ರುಗಳು ಸುಮ್ಮನೆ ನಗುವಂತಿಲ್ಲ.)

ಇದಕ್ಕಿಂತ ನನಗೆ ಮುಖ್ಯವೆನಿಸುವುದು ಪಾಲ್ ಡೀಡರಿಕ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ಅಧ್ಯಯನ. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳ 300 ಪ್ರಬಂಧಗಳನ್ನು 53 ಮಂದಿ ಓದಿದರು. ಅವರಲ್ಲಿ ಅಧ್ಯಾಪಕರಲ್ಲದೆ ಸಂಪಾದಕರೂ ವಕೀಲರೂ ಇದ್ದರು. ಒಂಬತ್ತು ದರ್ಜೆಗಳಲ್ಲಿ ಒಂದನ್ನು ಕೊಡಬೇಕಿತ್ತು. ನೂರಕ್ಕೆ 94 ಪ್ರಬಂಧಗಳಿಗೆ ಕನಿಷ್ಠ ಏಳು ಬೇರೆ ಬೇರೆ ದರ್ಜೆಗಳು ಬಂದವು. ಇದನ್ನು ಓದುಗರ ಬೇಜವಾಬ್ದಾರಿ ಎಂದು ತಳ್ಳಿಹಾಕಬಹುದಿತ್ತು. ಆದರೆ ಡೀಡರಿಕ್ ಅವರು ಈ ಭಿನ್ನಾಭಿಪ್ರಾಯದ ಒಳಗೇ ಒಂದು ಕ್ರಮವಿರುವುದನ್ನು ಕಂಡರು. ಕೆಲವರು ವಿಚಾರದ ಹುರುಳನ್ನು ನೋಡಿ ದರ್ಜೆ ಕೊಟ್ಟಿದ್ದರು, ಕೆಲವರು ವ್ಯಾಕರಣ ಮತ್ತು ಕಾಗುಣಿತವನ್ನು, ಕೆಲವರು ವಿಷಯದ ಜೋಡಣೆಯನ್ನು, ಕೆಲವರು ಪದಗಳ ಬಳಕೆಯನ್ನು, ಇನ್ನು ಕೆಲವರು ಬರೆದವರದೇ ಎನ್ನಬಹುದಾದ ಶೈಲಿಯನ್ನು. ಅಂದರೆ ಓದಿದವರೆಲ್ಲ ಮನಸ್ಸಿಟ್ಟೇ ಓದಿದ್ದರೂ ಒಬ್ಬೊಬ್ಬರು ಒಂದೊಂದನ್ನು ಹುಡುಕುತ್ತಿದ್ದರು. ಇವೆಲ್ಲವನ್ನೂ ಕೂಡಿಸಿ ಒಂದೇ ಅಂಕಿಯಾಗಿಸಿದಾಗ, ವಿಚಾರವಿದ್ದೂ ಕಾಗುಣಿತ ಬಾರದ ಹುಡುಗನೂ ತಪ್ಪಿಲ್ಲದೆ ಬರೆದೂ ಏನನ್ನೂ ಹೇಳದ ಹುಡುಗಿಯೂ ಅದೇ ಆರು ಅಂಕದ ಕೆಳಗೆ ಬಂದು ನಿಲ್ಲುತ್ತಾರೆ, ಮತ್ತು ಇಬ್ಬರಿಗೂ ಒಂದೇ ಉಪದೇಶ ಸಿಗುತ್ತದೆ: ಇನ್ನಷ್ಟು ಚೆನ್ನಾಗಿ ಬರೆಯಬೇಕು.

ಈ ತೊಡಕಿಗೆ ಪರಿಹಾರವೆಂದು ಬಂದದ್ದು ರೂಬ್ರಿಕ್ಸ್, ಎಂದರೆ ಪ್ರತಿಯೊಂದು ಅಂಶಕ್ಕೂ ಬೇರೆ ಬೇರೆ ಅಂಕ ಕೊಡುವ ಪಟ್ಟಿ. ಒಂದೇ ಅಂಕಿಗಿಂತ ಇದು ಎಷ್ಟೋ ವಾಸಿ. ಆದರೆ ಪಟ್ಟಿ ಉದ್ದವಾದಷ್ಟೂ ಮಕ್ಕಳು ಓದುಗರನ್ನು ಬಿಟ್ಟು ಪಟ್ಟಿಗಾಗಿ ಬರೆಯತೊಡಗುತ್ತಾರೆ. ಉಪಮೆಗೆ ಅಂಕವಿದೆ ಎಂದು ಗೊತ್ತಾದ ಮರುದಿನವೇ ಪ್ರತಿ ಪ್ಯಾರಾದಲ್ಲೂ ಒಂದು ಉಪಮೆ ಬಂದು ಕುಳಿತಿರುತ್ತದೆ. ಕಂಪ್ಯೂಟರಿನಿಂದ ತಿದ್ದಿಸುವ ಪ್ರಯತ್ನವೂ ಹೊಸದೇನಲ್ಲ. ಎಲಿಸ್ ಪೇಜ್ ಅದನ್ನು 1966ರಷ್ಟು ಹಿಂದೆಯೇ ಆರಂಭಿಸಿದ್ದರು. ಲೆಸ್ ಪೆರೆಲ್‌ಮನ್ ಮತ್ತು ಕೆಲವು ವಿದ್ಯಾರ್ಥಿಗಳು 2014ರಲ್ಲಿ ಅರ್ಥವಿಲ್ಲದ ಪ್ರಬಂಧಗಳನ್ನು ಹೊಸೆಯುವ ಒಂದು ತಂತ್ರಾಂಶವನ್ನು ಸಿದ್ಧಪಡಿಸಿ, ಅಂಥ ಪ್ರಬಂಧಗಳಿಗೂ ಯಂತ್ರಗಳು ಧಾರಾಳವಾಗಿ ಅಂಕ ಕೊಡುವುದನ್ನು ತೋರಿಸಿಕೊಟ್ಟರು. ಈ ವಿಷಯದಲ್ಲಿ ಇಷ್ಟು ಸಾಕು.

ಪರೀಕ್ಷೆಯ ಸ್ವರೂಪವೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಅವರು 1980ರ ಆಸುಪಾಸಿನಲ್ಲಿ ಮುಂದಿಟ್ಟ ವಿವರಣೆಯಂತೆ, ಬರೆಯುವವರು ಯೋಚಿಸುತ್ತಾರೆ, ಯೋಚಿಸಿದ್ದನ್ನು ವಾಕ್ಯವಾಗಿಸುತ್ತಾರೆ, ಬರೆದದ್ದನ್ನು ಮತ್ತೆ ಓದಿ ತಿದ್ದುತ್ತಾರೆ. ಈ ಮೂರೂ ಒಂದಾದ ಮೇಲೊಂದು ಬರುವ ಮೆಟ್ಟಿಲುಗಳಲ್ಲ, ಒಂದು ನಡೆಯುತ್ತಿರುವಾಗಲೇ ಇನ್ನೊಂದು ಅಡ್ಡ ಬರುತ್ತಿರುತ್ತದೆ. ಅರ್ಧ ಗಂಟೆಯೊಳಗೆ ಪೀಠಿಕೆಯಿಂದ ಉಪಸಂಹಾರದವರೆಗೆ ಬರೆದು ಮುಗಿಸಬೇಕಾದ ಪರೀಕ್ಷೆಯಲ್ಲಿ ತಿದ್ದುವುದಕ್ಕೆ ಹೊತ್ತಿಲ್ಲ, ಯೋಚಿಸುವುದಕ್ಕೂ ಹೆಚ್ಚು ಹೊತ್ತಿಲ್ಲ. ಗೈಡಿನಲ್ಲಿರುವ ಮಾದರಿ ಪ್ರಬಂಧವನ್ನು ಬಾಯಿಪಾಠ ಮಾಡಿ ಬಂದವರಿಗೆ ಅಲ್ಲಿ ಗೆಲುವು. ಅವರನ್ನು ದೂರುವುದು ಸರಿಯಲ್ಲ. ನಾವು ಇಟ್ಟ ಪರೀಕ್ಷೆಗೆ ತಕ್ಕ ಸಿದ್ಧತೆಯನ್ನು ಅವರು ಮಾಡಿಕೊಂಡಿರುತ್ತಾರೆ. ಜೊತೆಗೆ, ನಡೆದದ್ದನ್ನು ಸೊಗಸಾಗಿ ಹೇಳಬಲ್ಲ ಮಗು ವಾದ ಹೂಡಿ ಒಪ್ಪಿಸುವ ಬರಹದಲ್ಲಿ ತಡವರಿಸಬಹುದು. ಒಂದು ದಿನದ ಒಂದು ವಿಷಯದಿಂದ ಅದನ್ನು ಕಂಡುಹಿಡಿಯುವುದು ಹೇಗೆ?

ಹಾಗಾದರೆ ವರ್ಷವಿಡೀ ಬರೆದದ್ದನ್ನು ಕಡತದಲ್ಲಿ ಕೂಡಿಹಾಕಿ ಅಳೆಯೋಣ ಎನ್ನುವವರಿದ್ದಾರೆ. ನನಗೂ ಅದೇ ಒಲವು. ಆದರೆ 1990ರ ದಶಕದ ಆರಂಭದಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯ ಇದನ್ನು ಇಡೀ ರಾಜ್ಯಕ್ಕೆ ಅನ್ವಯಿಸಲು ಹೋದಾಗ, ಅಂಕ ಕೊಡುವವರ ನಡುವೆ ಸಾಕಷ್ಟು ಹೊಂದಾಣಿಕೆ ಆಗಲಿಲ್ಲ. ಶಾಲೆ ಶಾಲೆಗಳನ್ನು ಹೋಲಿಸಲು ಈ ಕಡತ ನೆರವಾಗುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಹೋಲಿಕೆಯೇ ಬೇಕಿದ್ದರೆ ಎರಡು ಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ಇವೆರಡರಲ್ಲಿ ಯಾವುದು ಮೇಲು ಎಂದಷ್ಟೇ ಹಲವರನ್ನು ಕೇಳುವುದು ಮೇಲು. ಲೂಯಿ ಥರ್ಸ್ಟನ್ 1927ರಲ್ಲಿ ರೂಪಿಸಿದ ಈ ತತ್ತ್ವ ಈಗ ಶಾಲಾ ಬರಹಗಳಿಗೂ ಬಳಕೆಯಾಗುತ್ತಿದೆ.

ತರಗತಿಯೊಳಗಿನ ಮೌಲ್ಯಮಾಪನದ ಉದ್ದೇಶವಾದರೋ ಹೋಲಿಕೆಯಲ್ಲ, ಕಲಿಕೆ. ರೂತ್ ಬಟ್ಲರ್ ಅವರ 1988ರ ಅಧ್ಯಯನ ಪ್ರಬಂಧಗಳನ್ನು ಕುರಿತದ್ದಲ್ಲವಾದರೂ ಇಲ್ಲಿ ನೆನೆಯಬೇಕಾದದ್ದು. ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಟಿಪ್ಪಣಿಯೊಡನೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಣ್ಣಿಗೆ ಬಿದ್ದ ಮೇಲೆ ಅಂಚಿನಲ್ಲಿ ಬರೆದದ್ದನ್ನು ಯಾರು ಓದುತ್ತಾರೆ? ಆದ್ದರಿಂದ ಮೊದಲ ಕರಡಿಗೆ ಅಂಕವನ್ನೇ ಕೊಡಬಾರದು. ಓದುಗರಾಗಿ ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಇನ್ನಷ್ಟು ತಿಳಿಯಬೇಕೆನಿಸಿತು ಎಂದು ಎರಡು ಮಾತು ಬರೆದು, ಮತ್ತೆ ಬರೆಸಿ, ಎರಡನೆಯದಕ್ಕೆ ಅಂಕ ಹಾಕಬೇಕು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಮಗು ಏನನ್ನು ಬದಲಿಸಿತು ಎಂಬುದಕ್ಕೆ ಅದರಲ್ಲಿ ದೊಡ್ಡ ಪಾಲಿರಬೇಕು. ಕಾಗುಣಿತಕ್ಕೆ ಪ್ರತ್ಯೇಕ ಅಂಕವಿರಲಿ, ಅದು ವಿಚಾರದ ಅಂಕವನ್ನು ತಿನ್ನದಿರಲಿ.

ತರಗತಿ ತುಂಬ ಮಕ್ಕಳಿರುವಾಗ ಇದೆಲ್ಲ ಎಲ್ಲಿ ಸಾಧ್ಯ ಎಂದು ಶಿಕ್ಷಕರು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಆದರೆ ಪ್ರತಿಯೊಂದು ತಪ್ಪಿಗೂ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದು ಯಾರ ಕಟ್ಟಳೆಯೂ ಅಲ್ಲ. ವರ್ಷಕ್ಕೆ ಹತ್ತು ಪ್ರಬಂಧ ಬರೆಸಿ ಹತ್ತಕ್ಕೂ ಅಂಕ ಹಾಕುವಲ್ಲಿ, ಬೇರೆ ಬೇರೆ ಬಗೆಯ ನಾಲ್ಕನ್ನು ಆರಿಸಿಕೊಂಡು ಎರಡೆರಡು ಸಲ ಬರೆಸಿದರೆ ಓದಬೇಕಾದದ್ದು ಎಂಟೇ ಆಗುತ್ತದೆ, ಅಂಕ ಹಾಕಬೇಕಾದದ್ದು ನಾಲ್ಕಕ್ಕೆ ಮಾತ್ರ.